ಬೇವಿನ ನೆರಳಿಗೆ ಸರಿದ ಸಭೆ

ಬ್ಯಾಡಗಿ. ೧೯೮೯ರ ಏಪ್ರಿಲ್, ಒಂದು ಸೋಮವಾರ, ಮಧ್ಯಾಹ್ನ ಒಂದು ಗಂಟೆ. ಹಾಜರಿದ್ದವರು: ಪಕ್ಕದ ಮೆಣಸಿನಕಾಯಿ ವ್ಯಾಪಾರಿ, ಓಣಿಯ ಇಬ್ಬರು ಹಿರಿಯರು, ನಾನು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರೂ ಅಲ್ಲೇ ಬೇವಿನ ನೆರಳಲ್ಲಿ ಕುಳಿತಿದ್ದರು. ಅವರನ್ನು ಯಾರೂ ಸಭೆಗೆ ಕರೆದಿರಲಿಲ್ಲ.

ವಿಷಯ ಒಂದೇ: ನಮ್ಮ ಮನೆಗೂ ವ್ಯಾಪಾರಿಯ ಅಂಗಳಕ್ಕೂ ನಡುವೆ ಇದ್ದ ಬೇವಿನ ಗಿಡ ಕಡಿಯಬೇಕೋ ಬೇಡವೋ. ಗಿಡ ಓಣಿಯದು, ಎಲ್ಲರೂ ಹೂಂ ಎನ್ನಬೇಕು. ವ್ಯಾಪಾರಿ ಬಡಿಗನ ಮನೆಯಿಂದ ಕೊಡಲಿಯನ್ನು ಮೊದಲೇ ತರಿಸಿಟ್ಟಿದ್ದರು.

“ನೆರಳಿಗೆ ಕಾಯಿ ಒಣಗೂದಿಲ್ರಿ,” ಎಂದರು.

“ಬಿಸಲಾಗ ನಾವು ಒಣಗತೇವಲ್ರಿ ಸಾವಕಾರ್ರ,” ಎಂದಳು ಹೆಂಗಸರಲ್ಲಿ ಹಿರಿಯಳು. ಓಣಿಗೆಲ್ಲ ಆಕೆ ಖಾಲಾ, ಚಿಕ್ಕಮ್ಮ. ಪಕ್ಕದಲ್ಲಿ ಅವಳ ಸೊಸೆ, ತುಂಬಿದ ಬಸುರಿ. “ಈಕಿ ಎರಡು ಜೀವದಾಕಿ. ನೆರಳು ಹ್ವಾದ್ರ ಈಕಿ ಕೆಲಸಾನೂ ಹ್ವಾದಂಗ.”

ಬಿಸಿಲು ವರ್ಷ ವರ್ಷ ಏರುತ್ತಿದೆ ಎಂದು ಹಿರಿಯರಿಬ್ಬರೂ ಒಪ್ಪಿದರು. ಊರಿಗೆ ಗಿಡ ಬೇಕೆಂಬುದನ್ನೂ ಒಪ್ಪಿದರು. ಇದೊಂದು ಹೋದರೆ ಏನಾದೀತು ಎಂದರು.

ಮಾತು ಬೆಳೆಯಿತು. ಬಿಸಿಲು ತಾಳದೆ ನಾವು ಒಬ್ಬೊಬ್ಬರಾಗಿ ಗಿಡದ ಕೆಳಗೆ ಸರಿದೆವು. ಹೆಂಗಸರು ಮರ್ಯಾದೆಗೆ ಎದ್ದು ಜಾಗ ಬಿಟ್ಟರು. ತಿರುಗಿ ನೋಡಿದರೆ, ಗಿಡ ಕಡಿಯಬೇಕೆನ್ನುವವರೆಲ್ಲ ನೆರಳಲ್ಲಿ. ಬಸುರಿ ಹುಡುಗಿ ಸೆರಗು ಹೊದ್ದು ಬಿಸಿಲಲ್ಲಿ.

“ಸಭಾ ಅತ್ಲಾಗ ನಡಸೂಣ್ರಿ. ಅವರು ಇಲ್ಲಿ ಕುಂದ್ರಲಿ,” ಎಂದೆ.

ಖಾಲಾ ಸೊಸೆಯನ್ನು ಕೈಹಿಡಿದು ಕರೆತಂದು ಗಿಡದ ಬೊಡ್ಡೆಗೆ ಒರಗಿಸಿ ಕೂರಿಸಿದಳು. ನಾವು ಅಂಗಳಕ್ಕೆ ನಡೆದೆವು. ನೆಲದ ಫರಸಿ ಕಲ್ಲು ಕಾದಿತ್ತು. ಚಪ್ಪಲಿ ಇಲ್ಲದೆ ಬಂದಿದ್ದ ಹಿರಿಯರೊಬ್ಬರು ಕಾಲು ಬದಲಿಸುತ್ತ ನಿಂತರು. ಇನ್ನೊಬ್ಬರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, “ಗಿಡ ಇರ್ಲಿ ಬಿಡ್ರಿ,” ಎಂದರು.

ವ್ಯಾಪಾರಿ ನಕ್ಕುಬಿಟ್ಟರು. “ಗೆದ್ದಿ ಬಿಡು ಖಾಲಾ. ಆದ್ರ ನನ್ನ ಕಾಯಿ ಎಲ್ಲಿ ಒಣಸ್ಲಿ?”

ಅವರ ಮಾತೂ ನ್ಯಾಯವೇ. ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಖಾಲಿ ಜಾಗವಿತ್ತು. ಅಲ್ಲಿ ಹರವಿ ಎಂದೆ. ಒಳಗಿನಿಂದ ನನ್ನ ಹೆಂಡತಿ, “ಖಾರದ ಘಾಟಿಗೆ ಮನೀ ಮಂದಿ ಸೀನಾಕತ್ರ ಇದ ಸಭಾ ಮತ್ತ ಕರಸ್ತೇನಿ ನೋಡ್ರಿ,” ಎಂದಳು. ಹಾಗೆಂದವಳೇ ಆ ಹುಡುಗಿಗೆ ಮಜ್ಜಿಗೆ ತಂದುಕೊಟ್ಟಳು.

ಚಹಾ ಮುಗಿಸಿ ಮಾಳಿಗೆ ಗುಡಿಸಿದೆ. ಚೀಲಗಳು ಮೇಲೇರಿದವು. ದೀಪ ಹಚ್ಚುವ ಮೊದಲು ಕೊಡಲಿಯನ್ನು ಬಡಿಗನ ಮನೆಗೆ ಮುಟ್ಟಿಸಿ ಬಂದೆ.