ಹಾರ್ಮೋನಿಯಂ ಕೊಟ್ಟು ತಂದ ಪಾರಿವಾಳ

ಕಳೆದ ವಾರ ಬಾಲ್ಕನಿಗೆ ಬಲೆ ಕಟ್ಟಲು ಬಂದವನು ಮೂಲೆಯ ಹಳೇ ಸಾಮಾನು ಸರಿಸಿದ. ಅದರ ಹಿಂದೆ ಪಾರಿವಾಳಗಳು ಗೂಡು ಮಾಡಿದ್ದವು. ಒಣಗಿದ ಹಿಕ್ಕೆ, ಪುಕ್ಕ, ಮುಗ್ಗಿದ ಕಾಳು... ಆ ವಾಸನೆ ಮೂಗಿಗೆ ಬಡಿದದ್ದೇ ಅಪ್ಪ ನೆನಪಾದ. ಪ್ರೀತಿಯಿಂದಲ್ಲ. ಆತ ಹೋಗಿ ಇಷ್ಟು ವರ್ಷವಾದರೂ ಆ ವಾಸನೆಗೆ ನಾನು ಹಲ್ಲು ಕಚ್ಚುತ್ತೇನೆ.

ಅಪ್ಪ ನಂದಿದುರ್ಗ ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್. ಐವತ್ತರ ದಶಕದ ಕೊನೆಯ ಮಾತು. ಗಣಿ ಕೆಲಸಗಾರರ ಸಾಲುಮನೆಗಳಿಗೆ ಲೈನ್ ಎನ್ನುತ್ತಿದ್ದರು. ನಮ್ಮ ಲೈನ್ ಮನೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಜಗಲಿ. ಅಷ್ಟರೊಳಗೆ ನಾವೂ ಇರಬೇಕು, ಆತನ ಹುಚ್ಚುಗಳೂ ಇರಬೇಕು. ಗುಲಾಬಿಗೆ ಕಸಿ ಕಟ್ಟುತ್ತಿದ್ದ, ಕೆಟ್ಟ ಗಡಿಯಾರ ಬಿಚ್ಚುತ್ತಿದ್ದ, ಇಸ್ಪೀಟಿನ ಜಾದೂ ಮಾಡುತ್ತಿದ್ದ. ಫೋಟೋದ ಹುಚ್ಚು ಹತ್ತಿದ್ದಾಗ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಫೋಟೋ ತೊಳೆಯಲು ಅಡಿಗೆಮನೆ ಸೇರಿಬಿಡುತ್ತಿದ್ದ. ಆತ ಹೊರಬರುವವರೆಗೆ ಅಮ್ಮ ಒಲೆ ಹಚ್ಚುವಂತಿರಲಿಲ್ಲ. ನಾವು ಹಸಿದುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದೆವು. ಲೈನಿನವರಿಗೆಲ್ಲ ಆತನೆಂದರೆ ಪ್ರಾಣ. ತಮಿಳಿನವರನ್ನು ತಮಿಳಿನಲ್ಲಿ, ತೆಲುಗಿನವರನ್ನು ತೆಲುಗಿನಲ್ಲಿ ನಗಿಸುತ್ತಿದ್ದ. ಮನೆಯಲ್ಲಿ ನಮ್ಮ ಜೊತೆ ಕನ್ನಡದಲ್ಲಿ ನಾಲ್ಕು ಮಾತಾಡಲು ಮಾತ್ರ ಪುರುಸೊತ್ತಿರಲಿಲ್ಲ.

ನಾಟಕದ ಹುಚ್ಚು ಹಿಡಿದಾಗ ಎಲ್ಲಿಂದಲೋ ಹಾರ್ಮೋನಿಯಂ ಬಂತು. ನನ್ನ ಅಕ್ಕ ಹಾಡುತ್ತಾಳೆಂಬುದು ಆತನಿಗೆ ತಿಳಿದದ್ದು ಆಗಲೇ. ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದವಳನ್ನು ಕರೆದು ಕೂರಿಸಿದ. ಅಲ್ಲಿಂದ ಮುಂದೆ ಆತನ ಹವ್ಯಾಸ ಅಕ್ಕನೇ ಆದಳು. ಬೆಳಗ್ಗೆ ಗಣಿಯ ಸೈರನ್ ಕೂಗುವ ಮೊದಲು ಸರಳೆವರಸೆ, ಸಂಜೆ ಹಾಡು. ಭಾನುವಾರ ಮಾರಿಕುಪ್ಪದ ರೈಲು ಹತ್ತಿಸಿ ಬಂಗಾರಪೇಟೆಯ ಸಂಗೀತದ ಟೀಚರಮ್ಮನ ಮನೆಗೆ ಕರೆದೊಯ್ಯುತ್ತಿದ್ದ. ಅಕ್ಕ ಹಾಡಿದರೆ ಅಕ್ಕಪಕ್ಕದವರು ಕೈಯಲ್ಲಿನ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಗಣಿಯ ಆಳದಲ್ಲಿ ಬಂಡೆ ಸಿಡಿದು ನಮ್ಮ ಮನೆಯ ಪಾತ್ರೆಗಳು ಗಲಗಲ ಅಂದಾಗಲೂ ಅವಳ ಶ್ರುತಿ ಅಲುಗುತ್ತಿರಲಿಲ್ಲ. ಬರುವ ವರ್ಷ ಪರೀಕ್ಷೆಗೆ ಕೂರಿಸೋಣ ಎಂದರು ಟೀಚರಮ್ಮ. ಆ ದಿನಗಳಲ್ಲಿ ಅಕ್ಕನ ನಡಿಗೆಯೇ ಬದಲಾಗಿತ್ತು... ಅಪ್ಪನ ಪಕ್ಕ ನಡೆಯುವಾಗ ತಲೆ ಎತ್ತಿರುತ್ತಿತ್ತು.

ಒಂದು ಭಾನುವಾರ ಅವಳು ಜಡೆ ಹಾಕಿಕೊಂಡು, ಲಂಗ ದಾವಣಿ ಉಟ್ಟು ಜಗಲಿಯಲ್ಲಿ ಕಾದಳು. ಅಪ್ಪ ಬರಲಿಲ್ಲ. ಪಕ್ಕದ ಗಣಿ ಚಾಂಪಿಯನ್ ರೀಫ್ಸ್‌ನಲ್ಲಿ ಯಾರೋ ಪಾರಿವಾಳ ಹಾರಿಸುತ್ತಿದ್ದಾರೆಂದು ನೋಡಲು ಹೋಗಿದ್ದ. ಮುಂದಿನ ಭಾನುವಾರವೂ ಅಷ್ಟೇ. ಅಮ್ಮ ಒಬ್ಬಳೇ ಎಂದೂ ರೈಲು ಹತ್ತಿದವಳಲ್ಲ. ಆದರೂ ಅಕ್ಕನ ಕೈ ಹಿಡಿದುಕೊಂಡು ತಾನೇ ಬಂಗಾರಪೇಟೆಗೆ ಹೊರಟಳು. ನಾನೂ ಜೊತೆಗಿದ್ದೆ. ಮನೆಯಲ್ಲಿ ಅಭ್ಯಾಸ ತಪ್ಪಿಸಬೇಡಿ, ಹುಡುಗಿ ಗೆಲ್ಲುತ್ತಾಳೆ ಎಂದು ಟೀಚರಮ್ಮ ಹೇಳಿ ಕಳಿಸಿದರು.

ನಾವು ಮನೆಗೆ ಬರುವಷ್ಟರಲ್ಲಿ ಹಾರ್ಮೋನಿಯಂ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಿದಿರ ಬುಟ್ಟಿ, ಒಳಗೆ ಪಲ್ಟಿ ಹೊಡೆಯುವ ಜಾತಿಯ ಎರಡು ಬಿಳಿ ಪಾರಿವಾಳ. ಅದನ್ನು ಕೊಟ್ಟು ಅಪ್ಪ ಇವನ್ನು ತಂದಿದ್ದ. ಅಮ್ಮ ಅಡಿಗೆಮನೆಗೆ ಹೋದಳು. ಅಕ್ಕ ಬುಟ್ಟಿಯ ಮುಂದೆ ನಿಂತೇ ಇದ್ದಳು.

“ಪರೀಕ್ಷೆ ಐತಲ್ಲಪ್ಪ,” ಎಂದಳು.

ಅಪ್ಪ ಹಕ್ಕಿಯ ರೆಕ್ಕೆ ಬಿಡಿಸಿ ನೋಡುತ್ತಿದ್ದ. “ಹಾಡೆಲ್ಲಿಗೆ ಓಡೋಯ್ತದೆ ಅಮ್ಮಣ್ಣಿ? ಈ ಜೋಡಿ ಸಿಗೋದು ಕಷ್ಟ,” ಎಂದ. ತಲೆ ಎತ್ತಲೂ ಇಲ್ಲ.

ಅವಳು ಅಳಲಿಲ್ಲ. ಅಂದಿನಿಂದ ಗುನುಗುವುದನ್ನೂ ಬಿಟ್ಟಳು. ಮನೆ ತುಂಬ ಪುಕ್ಕ, ಹಿಕ್ಕೆ. ಗುಡಿಸುವವಳು ಅಕ್ಕನೇ. ಆತ ತಗಡಿನ ಚಾವಣಿಯ ಮೇಲೆ ನಿಂತು ಆಕಾಶ ನೋಡಿ ಸಿಳ್ಳೆ ಹಾಕುತ್ತಿದ್ದ. ಆ ಹುಚ್ಚೂ ಒಂದು ಬೇಸಿಗೆಯಲ್ಲಿ ಮುಗಿಯಿತು. ಹಕ್ಕಿಗಳನ್ನು ಯಾರಿಗೋ ಕೊಟ್ಟು ರೇಡಿಯೋ ಬಿಚ್ಚಲು ಕೂತ. ಅಕ್ಕನ ಕಡೆಗೆ ಮತ್ತೆ ತಿರುಗಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಅವಳನ್ನು ಬೇತಮಂಗಲದ ಬೇಸಾಯದ ಮನೆಗೆ ಕೊಟ್ಟರು. ಮದುವೆಯಲ್ಲಿ ಆರತಿ ಹೊತ್ತಿಗೆ ಗಂಡಿನ ಕಡೆಯ ಹೆಂಗಸರು ಹೆಣ್ಣು ಒಂದು ಹಾಡು ಹೇಳಲಿ ಎಂದರು. ಅಪ್ಪ ಎದ್ದು ಬಂದ. ನನ್ನ ಮಗಳು ಹಾಡಿದರೆ ನೀವೆಲ್ಲ ಊಟ ಮರೆತುಬಿಡ್ತೀರಿ, ನಾನೇ ಕಲಿಸಿದ್ದು ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದ. ಅಕ್ಕ ತಲೆ ಎತ್ತಿ ಅವನನ್ನೇ ನೋಡಿದಳು.

“ನಂಗೆ ಹಾಡಕ್ಕೆ ಬರಾಕಿಲ್ಲ,” ಎಂದಳು.

ಅಪ್ಪ ನಕ್ಕ, ನಾಚಿಕೆ ಅವಳಿಗೆ ಎಂದ, ಯಾರದೋ ಕಿವಿಯಿಂದ ಕಾಸು ತೆಗೆಯುವ ಜಾದೂ ತೋರಿಸಿ ಎಲ್ಲರನ್ನೂ ನಗಿಸಿಬಿಟ್ಟ. ಕಾಸು ಒಮ್ಮೆ ಅವನ ಬೆರಳಿನಿಂದ ಜಾರಿದ್ದನ್ನು ನಾನು ನೋಡಿದೆ. ಅಯ್ಯೋ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.

ಆತ ಸತ್ತಾಗ ಇಡೀ ಲೈನ್ ಸೇರಿತ್ತು. ಎಂಥ ಕಲಾವಿದ, ಎಷ್ಟು ವಿದ್ಯೆ ಎಂದು ಮೂರು ಭಾಷೆಯಲ್ಲಿ ಅತ್ತರು. ಅಮ್ಮ, ಅಕ್ಕ, ನಾನು, ಮೂವರೂ ಗೋಡೆಗೊರಗಿ ಕೂತು ಕೇಳಿಸಿಕೊಂಡೆವು.

ಹೋದ ವರ್ಷ ಅಕ್ಕನೂ ತೀರಿಕೊಂಡಳು. ತಿಥಿಯ ದಿನ ಅವಳ ಮಗಳು ನನ್ನ ಪಕ್ಕ ಬಂದು ಕೂತಳು. ಅಮ್ಮ ಚಿಕ್ಕಂದಿನಲ್ಲಿ ಹಾಡುತ್ತಿದ್ದಳಂತೆ, ಹೌದಾ ಚಿಕ್ಕಮ್ಮ ಎಂದು ಕೇಳಿದಳು. ಯಾರೋ ಹಳೆಯವರು ಹೇಳಿದ್ದರಂತೆ. ಹೌದು, ಬಾಗಿಲಲ್ಲಿ ಜನ ನಿಲ್ಲುತ್ತಿದ್ದರು ಎಂದೆ. ಯಾವ ಹಾಡು ಎಂದಳು. ಬಾಯಿ ತೆರೆದೆ... ಬಾಗಿಲಲ್ಲಿ ನಿಂತವರ ಮುಖಗಳು ಒಂದೊಂದೂ ಕಣ್ಣ ಮುಂದೆ ಬಂದವು. ಅಕ್ಕನ ದನಿ ಮಾತ್ರ ಬರಲಿಲ್ಲ.