ಭಾವನ ಹಾಯಿದೋಣಿಯಲ್ಲಿ

ಭಾವನ ಎರಡೂ ಕೈಗಳು ತೊಡೆಯ ಮೇಲಿದ್ದವು. ಆದರೂ ದೋಣಿಯ ಚುಕ್ಕಾಣಿಯ ಹಿಡಿ ತಾನಾಗಿಯೇ ಅತ್ತಿತ್ತ ಸರಿಯುತ್ತಿತ್ತು.

ಕಡೂರಿನ ಹತ್ತಿರದ ಕೆರೆಯಲ್ಲಿ, ದಡದಿಂದ ತುಸು ದೂರದಲ್ಲಿ ನಾವಿಬ್ಬರೇ ಇದ್ದೆವು. ಹಡಗಿನ ಕೆಲಸ ಮುಗಿಸಿ ಊರಿಗೆ ಮರಳಿದ ಭಾವನಿಗೆ ಈಗ ಕೈ ನಡುಗುವ ಕಾಯಿಲೆ. ಅದಕ್ಕೇ ತಮ್ಮ ಪುಟ್ಟ ಹಾಯಿದೋಣಿಯ ಹಿಂಭಾಗದಲ್ಲಿ ಒಂದು ತೆಳು ಹಲಗೆ ನಿಲ್ಲಿಸಿದ್ದರು. ದೋಣಿ ದಾರಿ ತಪ್ಪಿದರೆ ಗಾಳಿ ಆ ಹಲಗೆಯನ್ನು ವಾಲಿಸುತ್ತದೆ. ಹಲಗೆಗೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆದು ದೋಣಿಯನ್ನು ಮತ್ತೆ ದಾರಿಗೆ ತರುತ್ತದೆ. ಇದು ಕೆಲಸ ಮಾಡಿದರೆ ಅವರು ಮೊದಲಿನಂತೆ ಒಬ್ಬರೇ ದೋಣಿ ನಡೆಸಬಹುದಿತ್ತು.

"ಟ್ರ್ಯಾಕ್ಟರ್ ಅಲ್ಲ ಕಣೋ ಇದು, ಸುಮ್ನೆ ಕೂತ್ಕೋ," ಎಂದು ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ ನಾನು ದೋಣಿ ಹತ್ತುವಾಗಲೇ ಭಾವ ನಕ್ಕಿದ್ದರು.

ಗಾಳಿ ಜೋರಾಗಿ ಬೀಸಿ ದೋಣಿ ಒಂದು ಬದಿಗೆ ವಾಲಿತು. ನನಗೆ ಕಂಡದ್ದು ಅವರ ನಡುಗುವ ಬೆರಳುಗಳು ಮಾತ್ರ. ಎದ್ದು ಚುಕ್ಕಾಣಿಯನ್ನು ಹಿಡಿದು ಬಲವಾಗಿ ಎಳೆದೆ. ಹಗ್ಗ ಬಿಗಿದು ಹಲಗೆ ಬುಡದಲ್ಲೇ ಮುರಿಯಿತು. ದೋಣಿ ಗಿರ್ರನೆ ತಿರುಗಿ ಜೊಂಡಿನೊಳಗೆ ನುಗ್ಗಿ ನಿಂತಿತು.

ಭಾವ ಬಯ್ಯಲಿಲ್ಲ. "ದೋಣಿ ತಾನೇ ದಾರಿಗೆ ತಿರುಗ್ತಾ ಇತ್ತು ಕಣೋ. ಒಂದು ಗಳಿಗೆ ಬಿಟ್ಟಿದ್ರೆ ಸಾಕಿತ್ತು," ಎಂದರು.

ತರೀಕೆರೆಯಲ್ಲಿ ಹೊಸ ಹಲಗೆ ಕುಯ್ಯಿಸಿ ತಂದುಕೊಟ್ಟೆ. ಅದನ್ನು ಕೂರಿಸುವಾಗ ತಿರುಪುಮೊಳೆ ಅವರ ಕೈಯಿಂದ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಪ್ರತಿ ಸಲವೂ ಅವರೇ ಬಗ್ಗಿ ಎತ್ತಿಕೊಳ್ಳುವವರೆಗೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.