ಮಗ್ಗದಲ್ಲಿ ಬಿಟ್ಟ ಹಾಸಿನ ತುದಿ

ನನ್ನ ಅತ್ತೆ ಮಗ್ಗ ಬಿಟ್ಟದ್ದು ಕಣ್ಣು ಹೋದ ಮೇಲೆ. ಕುಣಿಮಗ್ಗ ಅಂದರೆ ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಕಾಲು ಬಿಟ್ಟು ದಿನವೆಲ್ಲ ತುಳಿಯುವುದು. ಕೊನೆಗೆ ಅವರನ್ನು ಎತ್ತಿ ಜಗಲಿಯ ಮೇಲೆ ಕೂರಿಸಿದೆವು. ಎದುರು ಮನೆ ಕೂಡ ಅವರಿಗೆ ಕಾಣುತ್ತಿರಲಿಲ್ಲ. ಕಣ್ಣು, ಮಂಡಿ ನೆಟ್ಟಗಿರುವಾಗಲೇ ನಾನು ಎದ್ದುಬಿಡಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಐವತ್ತು ದಾಟಿದ ಮೇಲೆ ಕುಣಿಗೆ ಇಳಿಯಬಾರದು.

ಸೇಲಂನ ನಮ್ಮ ಬೀದಿಯಲ್ಲಿ ನೇಯುವವರು ಹೊತ್ತು ಹೊತ್ತಿಗೂ ಅಂಗಡಿಯಿಂದ ಟೀ ತರಿಸುತ್ತಾರೆ. ನಾನು ಬೆಳಿಗ್ಗೆಯೇ ಮಾಡಿ ಫ್ಲಾಸ್ಕಿಗೆ ಹಾಕಿಡುತ್ತಿದ್ದೆ. ದೀಪಾವಳಿಗೆ ರೇಷ್ಮೆ ಸೀರೆ ಕೊಳ್ಳಲಿಲ್ಲ. ದಿನವೂ ಕೈಯಲ್ಲಿ ಹಿಡಿಯುವುದನ್ನು ಮೈಮೇಲೂ ಹಾಕಿಕೊಳ್ಳಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ ಕನ್ನಡಕಕ್ಕೆ ಹಿಂದೆಮುಂದೆ ನೋಡಲಿಲ್ಲ. ಬೀದಿಯಲ್ಲೇ ಒಳ್ಳೆಯ ದೀಪ ಇದ್ದದ್ದು ನಮ್ಮ ಮಗ್ಗದ ಮೇಲೆ. ಹೀಗೆ ಉಳಿದ ದುಡ್ಡಿನಲ್ಲಿ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿದೆವು, ಕೆಲವು ವರ್ಷದ ಮೇಲೆ ಇನ್ನೊಂದು. ಎರಡರ ಬಾಡಿಗೆಯಲ್ಲಿ ನಮ್ಮಿಬ್ಬರ ಊಟ, ಮಾತ್ರೆ ನಡೆಯುತ್ತದೆ ಅಂತ ಖಾತ್ರಿಯಾಗುವವರೆಗೆ ನೇಯ್ದೆ.

ಮೆಟ್ಟೂರಿನಿಂದ ಬರುವ ನಾದಿನಿಗೆ ಇದೆಲ್ಲ ತಮಾಷೆ.

"ಅತ್ತಿಗೆ, ನೀವು ಸಾರಿಗೆ ಬೇಳೆ ಆಕ್ತೀರೋ, ತೋರ್ಸಿ ತೆಗೀತೀರೋ?"

"ತೋರ್ಸಿ ತೆಗೀತೀನಿ. ನೀನು ಬಂದ ದಿವಸ ಅದೂ ಇಲ್ಲ."

ಎರಡು ಸಲ ಬಡಿಸಿಕೊಂಡು ತಿಂದಳು.

ಐವತ್ತಾದ ವರ್ಷ ಕೊನೆಯ ಸೀರೆ ಇಳಿಸಿದೆ. ನಮ್ಮಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ಮಗ್ಗದ ಬಾಚಣಿಗೆಯಂಥ ಫಣಿಯಲ್ಲಿ ಮೊಳದಷ್ಟು ನೂಲು ಬಿಡುತ್ತೇವೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದಕ್ಕೆ ಸೇರಿಸಿ ಹೊಸೆಯುವುದು. ಹಳೆಯದನ್ನು ಕತ್ತರಿಸಿದರೆ ಎಲ್ಲವನ್ನೂ ಮೊದಲಿಂದ ಪೋಣಿಸಬೇಕು, ಅದಕ್ಕೆ ಜನ ಬೇಕು. ಕತ್ತರಿಸಿದರೆ ಮನೆಗೆ ಆಗುವುದಿಲ್ಲ, ಕೆಡುಕು ಅಂತಲೂ ಹೇಳುತ್ತಾರೆ. ನಾನೂ ತುದಿ ಬಿಟ್ಟೆ. ಅಭ್ಯಾಸ.

ತಿಂಗಳೊಳಗೆ, ನಮಗೆ ನೂಲು ಕೊಟ್ಟು ನೇಯಿಸುತ್ತಿದ್ದ ಮೊದಲಾಳಿ, ಅಂದರೆ ಧಣಿ, ಬಂದ. ಬಂದವನು ಮೊದಲು ನೋಡಿದ್ದು ಆ ತುದಿಯನ್ನು.

"ಎಳೆ ಅಂಗೇ ಐತಲ್ಲಮ್ಮ. ಮದುವೆ ಸೀಸನ್ನು, ಆಳು ಸಿಗ್ತಿಲ್ಲ. ಒಂದೇ ಒಂದು ಪಾವು. ಕೂಲಿ ಜಾಸ್ತಿ ಕೊಡ್ತೀನಿ." ಹಾಸನ್ನು ತಮಿಳಿನಲ್ಲಿ ಪಾವು ಅನ್ನುತ್ತಾರೆ.

ನನ್ನ ಗಂಡನ ಮಂಡಿ ಹೋಗಿ ಬಹಳ ವರ್ಷವಾಗಿತ್ತು. ಲಾಳಿಗೆ ನೂಲು ಸುತ್ತಿಕೊಡುವುದಷ್ಟೇ ಅವರ ಕೆಲಸ. ನನಗಿಂತ ಮೊದಲು ಅವರು ತಲೆಯಾಡಿಸಿದರು.

"ಒಂದು ತಾನೇ. ಸುಮ್ನೆ ತಾನೇ ಕೂತಿದ್ದೀಯ."

"ಒಂದು ತಾನೇ ಅಂತಾನೇ ನಿಮ್ಮವ್ವ ಕಣ್ಣು ಓಗೋಗಂಟ ನೇಯ್ದಿದ್ದು. ನೀವು ಇಳೀರಿ ಕುಣಿಗೆ, ನಾನು ಸುತ್ತಿಕೊಡ್ತೀನಿ."

ಅವರು ಮಂಡಿ ಸವರಿಕೊಂಡರು. ಮೊದಲಾಳಿ, "ನಾಳೆ ಪಾವು ಕಳಿಸ್ತೀನಿ, ಯೋಚ್ನೆ ಮಾಡ್ರಮ್ಮ" ಅಂತ ಹೊರಟ.

ಕೂಲಿ ಚೆನ್ನಾಗಿತ್ತು. ಬೇಕಿರಲಿಲ್ಲ, ಆದರೂ ಚೆನ್ನಾಗಿತ್ತು. ಆ ತುದಿ ಇರುವವರೆಗೆ ಪ್ರತಿ ಮದುವೆ ತಿಂಗಳಲ್ಲೂ ಅವನು ಬರುತ್ತಾನೆ, ಇವರು ತಲೆಯಾಡಿಸುತ್ತಾರೆ, ಒಂದಲ್ಲ ಒಂದು ಸಲ ನಾನೂ ಆಡಿಸುತ್ತೇನೆ. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಬಂದು ಕತ್ತರಿ ತೆಗೆದುಕೊಂಡೆ.

"ಲೇ, ಮನೆಗಾಗಲ್ಲ ಕಣೇ," ಅಂದರು.

"ಮನೆಗೆ ಬಾಡಿಗೆ ಬರ್ತೈತೆ."

ಕತ್ತರಿಸಿದೆ. ಮರುದಿನ ಹಾಸು ತಂದ ಆಳು ಖಾಲಿ ಫಣಿ ನೋಡಿ ಹಾಗೆಯೇ ವಾಪಸು ಒಯ್ದ. ಇವರು ಕೆಲವು ದಿನ ಮಾತು ಬಿಟ್ಟರು, ಊಟ ಬಿಡಲಿಲ್ಲ. ಆಮೇಲೆ ಕುಣಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿದೆ. ಈಗ ಅಲ್ಲೇ ಕಾಲು ಚಾಚಿಕೊಂಡು ಕೂತು ಅವರೆಕಾಯಿ ಬಿಡಿಸುತ್ತೇನೆ. ರಜೆಗೆ ಬರುವ ಮೊಮ್ಮಗಳು ಬಟ್ಟೆ ಹೊಲಿಯುವಾಗ ಅವಳ ಸೂಜಿಗೆ ದಾರ ಪೋಣಿಸಿಕೊಡುವುದು ನಾನೇ.